ಎಡಗಾಲಿನ ಒದೆ

ಸೋಮವಾರ ಮಧ್ಯಾಹ್ನ,
ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ

ಅತ್ತೆಯವರಿಗೆ,

ನೀವು ಒಪ್ಪಿದರೂ ಒಪ್ಪದಿದ್ದರೂ ನಿಮ್ಮ ಅಳಿಯನಾದವನ ನಮಸ್ಕಾರ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಅಕ್ಷರ, ಸಹಿಸಿಕೊಳ್ಳಿ. ಹರಿದು ಹಾಕುವುದಿದ್ದರೂ ಪೂರ್ತಿ ಓದಿ ಹರಿಯಿರಿ.

ಮೊದಲು ಸುದ್ದಿ. ಇವತ್ತು ಬೆಳಿಗ್ಗೆ ನಿಮ್ಮ ಮೊಮ್ಮಗಳು ಎಡಗಾಲಿನಿಂದ ನನ್ನ ಗದ್ದಕ್ಕೆ ಒದ್ದಳು. ಇಪ್ಪತ್ತು ದಿನದ ಪೋರಿ! ವಾರ್ಡೆಲ್ಲ ತಿರುಗಿ ನೋಡುವಂತೆ ಕೂಗಿಬಿಟ್ಟೆ. ನರ್ಸಮ್ಮ ಬೈದರು, ನಗುತ್ತಲೇ.

ಮದುವೆಯಾದ ಎರಡು ವರ್ಷದಲ್ಲಿ ಮೊದಲ ಸಲ ನೀವು ಫೋನ್ ಮಾಡಿದ ದಿನ ನಿಮ್ಮ ಮಗಳು ಹೆರಿಗೆಯ ಸುಸ್ತಿನಲ್ಲಿ ಮಲಗಿದ್ದಳು. ನಾನು ಜಂಬ ಕೊಚ್ಚಿದೆ: ಮಗು ಬಲು ಸಾಧು, ಬಟ್ಟೆ ಬದಲಿಸುವಾಗ ಬಿಟ್ಟರೆ ಅಳುವುದೇ ಇಲ್ಲ, ಎಡಗಾಲಂತೂ ಮಡಚಿಟ್ಟು ಸುಮ್ಮನಿರುತ್ತಾಳೆ. "ಕಾಲಾಡಿಸದ ಕೂಸು ಸಾಧುವಲ್ಲ ಕಣಯ್ಯ, ಅದಕ್ಕೆ ನೋವಿದೆ. ಈಗಲೇ ಎತ್ಕೊಂಡು ಓಡು" ಅಂದಿರಿ. "ನಮ್ಮ ಮಗು ನಮಗೆ ಗೊತ್ತು" ಎಂದು ಫೋನಿಟ್ಟೆ. ಇಟ್ಟ ಮೇಲೆ ಮಗುವನ್ನು ಎತ್ತಿಕೊಂಡೆ. ಓಡಿದೆ. ಆಮೇಲೆ ನೀವು ಮಾಡಿದ ಕರೆ ಎತ್ತಲು ನನಗೆ ಮುಖವಿರಲಿಲ್ಲ.

ತೊಡೆಯ ಬುಡದ ಕೀಲಿನಲ್ಲಿ ಕೀವು ತುಂಬಿತ್ತು. ಇನ್ನೂ ತಡವಾಗಿದ್ದರೆ ಕೀಲು ಹಾಳಾಗಿ ಜೀವನವಿಡೀ ಕುಂಟಬೇಕಿತ್ತಂತೆ. ಆಪರೇಷನ್ ಎಂದಾಗ, ಅಂಗೈಯಷ್ಟಿಲ್ಲದ ತೊಡೆಯನ್ನು ಎಲ್ಲಿ ಕೊಯ್ಯುತ್ತೀರಿ ಎಂದು ಜಗಳಕ್ಕೇ ನಿಂತೆ. ಡಾಕ್ಟರಮ್ಮ ನನ್ನ ಉಗುರಿನ ಗ್ರೀಸ್ ನೋಡಿ, "ಕಾರ್ಬುರೇಟರಲ್ಲಿ ಕಸ ಕೂತ್ರೆ ಇಂಜಿನ್ ಪೂರ್ತಿ ಬಿಚ್ತೀಯೇನಪ್ಪಾ?" ಎಂದರು. ಇಲ್ಲ ಅಂದೆ. "ನಾನೂ ಬಿಚ್ಚಲ್ಲ."

ಎರಡೇ ತೂತು. ಒಂದರಲ್ಲಿ ಕಡ್ಡಿಯಂಥ ಕ್ಯಾಮೆರಾ, ಇನ್ನೊಂದರಲ್ಲಿ ಕೀವು ತೊಳೆದು ಹೊರಹಾಕುವ ಸಣ್ಣ ನಳಿಕೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಈಗಿರುವ ಎರಡು ಗುರುತೂ ಅಕ್ಕಿಕಾಳಿಗಿಂತ ಚಿಕ್ಕವು. ಜ್ವರ ಬಿಟ್ಟಿದೆ. ಔಷಧಿ ಇನ್ನೂ ಕೆಲವು ದಿನ ಬೇಕು.

ಈಗ ಹೇಳಲೇಬೇಕಾದ ಮಾತು. ಅನುಮಾನ ಬಂದದ್ದು ನನಗೇ ಎಂದು ನಿಮ್ಮ ಮಗಳಿಗೆ ಹೇಳಿದ್ದೇನೆ. ಅವಳು ಬಂದವರೆದುರೆಲ್ಲ ನನ್ನನ್ನು ಹೊಗಳುತ್ತಾಳೆ. ಮೇಷ್ಟ್ರ ಲೆಕ್ಕ ತಪ್ಪೆಂದು ಮುಖಕ್ಕೇ ಹೇಳಿ ಶಾಲೆ ಬಿಟ್ಟವನಿಗೆ ನಿಮ್ಮ ಹೆಸರೆತ್ತಲು ನಾಲಿಗೆ ಏಳಲಿಲ್ಲ. ಸಂಜೆ ಹೇಳಿಬಿಡುತ್ತೇನೆ. ಅದಕ್ಕೂ ಮೊದಲು ನಿಮಗೆ ಹೇಳಬೇಕು: ಆ ಕಾಲು ಉಳಿಸಿದವರು ನೀವು.

ಇಂತಿ ನಿಮ್ಮ ಅಳಿಯ,
ಗ್ರೀಸ್ ಕೈಯವನು

ವಿ.ಸೂ.: ಹೇಳುವ ಮೊದಲೇ ಸಿಕ್ಕಿಬಿದ್ದೆ. ಮಗುವನ್ನು ಸೇರಿಸಿದ ದಿನ ಡಾಕ್ಟರಮ್ಮ, ಇದನ್ನು ಮೊದಲು ಗಮನಿಸಿದ್ದು ಯಾರೆಂದು ಕೇಳಿದ್ದರು. ಅವರಿಗೆ ಸುಳ್ಳು ಹೇಳಲಾಗಲಿಲ್ಲ. ನಿಮ್ಮ ಮಗಳು ಈಗ ಅವರು ಬರೆದ ಫೈಲು ಓದಿದಳು: "ಅಜ್ಜಿ, ಫೋನಿನಲ್ಲಿ." ಫೈಲನ್ನು ನನ್ನ ಮಡಿಲಿಗೆ ಎಸೆದಳು. ಆಮೇಲೆ ಕೇಳಿದ್ದು ಒಂದೇ: "ಅಮ್ಮ ಯಾವಾಗ ಬರ್ತಾರೆ?"

ಮಂಚದ ನಂಬರು ಹದಿನಾಲ್ಕು.