ಮಿಂಚುಳ್ಳಿಗಳ ದಂಡೆ

ಮಾರ್ಚ್ ೧೪

ಪ್ರೀತಿಯ ತಮ್ಮ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ. ಕೆಲಸ ಇತ್ತು ಅನ್ನಬಹುದು, ಆದರೆ ನಿನ್ನ ಹತ್ತಿರ ಆ ನೆಪ ನಡೆಯೋದಿಲ್ಲ. ಸೊಂಟನೋವು ಹೇಗಿದೆ? ಮಗಳು ಈಗಲೂ ಶಾಲೆಗೆ ಹೋಗೋಕೆ ಅಳ್ತಾಳಾ?

ಚಿತ್ರ ಮುಗಿಯಿತು. ಹಳೇ ಪಂಪ್‌ಹೌಸಿನ ತಾರಸಿ ಮೇಲೆ ಹದಿನಾಲ್ಕು ತಿಂಗಳು ಅಲುಗದೆ ನಿಂತ ಕ್ಯಾಮೆರಾ, ಗಂಟೆಗೊಂದು ಫೋಟೋ. ಎಡಕ್ಕೆ ನದಿ, ಬಲಕ್ಕೆ ನೀನು ಕಟ್ಟಿಸಿದ ಸೇತುವೆ. ಮಾತಿಲ್ಲ, ಸಂಗೀತವಿಲ್ಲ. "ಇದು ಸಾಕ್ಷ್ಯಚಿತ್ರವೋ, ನಿದ್ದೆ ಮಾತ್ರೆಯೋ?" ಅಂತ ನಿನ್ನ ಭಾವ ಈಗಲೂ ನಗ್ತಾರೆ.

ಭಾನುವಾರ ಆಚೆ ದಂಡೆಯ ಶಾಲೆಯಲ್ಲಿ ತೋರಿಸಿದೆ. ದೋಣಿ ನಡೆಸುತ್ತಿದ್ದ ಅಜ್ಜಿ ಮೊದಲ ಬೆಂಚಲ್ಲೇ ಕೂತಿದ್ದಳು. ಸೇತುವೆ ಬಂದು ಅವಳ ದೋಣಿ ಮೂಲೆಗೆ ಬಿತ್ತು. ಆದರೆ ಹೆರಿಗೆನೋವು ಬಂದ ಸೊಸೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದ್ದೂ ಅದೇ ಸೇತುವೆ ದಾಟಿ. "ಬೈಯೋಕೂ ಬಾಯಿ ಬರಲ್ಲ, ಹೊಗಳೋಕೂ ಬರಲ್ಲ ಕಣಮ್ಮ" ಅಂದಳು.

ಆಮೇಲೆ ಆ ಭಾಗ ಬಂತು. ಬೆಳಿಗ್ಗೆ ಹತ್ತರ ಫೋಟೋದಲ್ಲಿ ಸೇತುವೆ ಬುಡದ ಮಣ್ಣಿನ ದಂಡೆ, ಅದರಲ್ಲಿ ಮಿಂಚುಳ್ಳಿಗಳು ಕೊರೆದ ಗೂಡುಗಳು. ಸಂಜೆ ನಾಲ್ಕರದರಲ್ಲಿ ಬರೀ ಸಿಮೆಂಟು. ಮಾರನೇ ದಿನದಿಂದ ಒಂದು ಹಕ್ಕಿ ಮೀನು ಕಚ್ಚಿಕೊಂಡು ಬಂದು ಆ ಗೋಡೆಯೆದುರು ಕೂರುತ್ತೆ. ಐದು ದಿನ. ಆರನೇ ದಿನ ಇಲ್ಲ.

ದೀಪ ಹಾಕಿದ ಮೇಲೂ ಯಾರೂ ಏಳಲಿಲ್ಲ. ಕೊನೆಗೆ ಮೇಷ್ಟ್ರು ಕೇಳಿದರು, "ಇದನ್ನ ಮಾಡಿಸಿದ ಎಂಜಿನಿಯರ್ ಯಾರು? ಅವನಿಗೆ ಕರುಳು ಅನ್ನೋದಿಲ್ವಾ?"

"ನನ್ನ ತಮ್ಮ" ಅನ್ನೋ ಬದಲು ಪ್ರೊಜೆಕ್ಟರಿನ ವೈರು ಸುತ್ತತೊಡಗಿದೆ. ಅಜ್ಜಿಯೇ, "ಮೇಲಿನವರು ಹೇಳಿದ್ದು ಮಾಡಿರ್ತಾನೆ, ಬಿಡಿ" ಅಂದಳು. ಎಲ್ಲರೂ ನನ್ನ ಕೈ ಹಿಡಿದು ಮೆಚ್ಚಿ ಹೋದರು. ಮುಂದಿನ ತಿಂಗಳು ಚಿತ್ರೋತ್ಸವಕ್ಕೆ ಹೋಗುತ್ತೆ. ಅಲ್ಲೂ ನಿನ್ನನ್ನೇ ಬೈತಾರೆ. ನೀನು ಮಾತ್ರ ಇವತ್ತಿನವರೆಗೂ ತುಟಿ ಬಿಚ್ಚಿಲ್ಲ.

ನಿನ್ನ ಮನೆ ತಣ್ಣಗಿರಲಿ. ಮಗುವಿಗೊಂದು ಮುತ್ತು.

ನಿನ್ನ ಅಕ್ಕ

ಮತ್ತೆ: ದಂಡೆಗೆ ಸಿಮೆಂಟು ಹಾಕೋದಕ್ಕೆ ಒಂದು ವಾರ ಮುಂಚೆ ನೀನು ಫೋನ್ ಮಾಡಿ, "ಅಕ್ಕ, ಗೂಡಲ್ಲಿ ಮರಿಗಳಿವೆ. ನೀನೊಂದು ಅರ್ಜಿ ಬರೆದುಕೊಡು, ಅದನ್ನ ತೋರಿಸಿ ಎರಡು ವಾರ ಕೆಲಸ ನಿಲ್ಲಿಸ್ತೀನಿ" ಅಂದಿದ್ದೆ. ಮರೆತುಹೋಯಿತು ಅಂತ ಆಮೇಲೆ ಹೇಳಿದೆನಲ್ಲ, ಮರೆತಿರಲಿಲ್ಲ. ಅರ್ಜಿ ಬರೆದು ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಒಂಬತ್ತು ತಿಂಗಳಿಂದ ನನ್ನ ಚಿತ್ರದಲ್ಲಿ ಏನೂ ನಡೆದಿರಲಿಲ್ಲ, ತಮ್ಮ.