ಅಡುಗೆಮನೆಗೆ ಹದಿನಾಲ್ಕು ಮೆಟ್ಟಿಲು

ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮನೆ
ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ

ಬುಡ್ಡಿಯವರಿಗೆ,

ನೋಡಿ, ಮೊದಲ ಸಾಲಿನಲ್ಲೇ ಎಡವಿದೆ. 'ಮೈ ಡಿಯರ್' ಎಂದು ಬರೆದು ಹೊಡೆದುಹಾಕಿದೆ. 'ರೆಸ್ಪೆಕ್ಟೆಡ್ ಮೇಡಂ' ಎಂದು ಬರೆದರೆ ನಲ್ಲಿ ರಿಪೇರಿಗೆ ಅರ್ಜಿ ಹಾಕಿಕೊಂಡಂತೆ ಕಂಡಿತು. ಇದು ಮೂರನೆಯ ಹಾಳೆ. ಕೊನೆಗೆ, ನಮ್ಮ ಆ ಹಳೆಯ ದೊಡ್ಡ ಮನೆಯಲ್ಲಿ ಎಲ್ಲರೂ ನಿಮ್ಮನ್ನು ಕೂಗುತ್ತಿದ್ದ ಹೆಸರಿಗೇ ಒಂದು 'ಅವರು' ಅಂಟಿಸಿದ್ದೇನೆ, ಐವತ್ತು ವರ್ಷ ತಡವಾಗಿ. ಆಗ ನಾನು ನಿಮ್ಮನ್ನು ನೀನು ಎನ್ನುತ್ತಿದ್ದೆ, ನೀವು ನನ್ನನ್ನು ನೀವು ಎನ್ನುತ್ತಿದ್ದಿರಿ. ಇಬ್ಬರೇ ಕೂತಿದ್ದಾಗಲೂ ಹಾಗೆಯೇ. ಅದು ಸರಿಯಲ್ಲವೆಂದು ನನಗೆ ಹೊಳೆದದ್ದೇ ಇಲ್ಲ.

ನನ್ನ ಹೆಂಡತಿ ತೀರಿಕೊಂಡದ್ದಕ್ಕೆ ನೀವು ಬರೆದ ಕಾಗದ ತಲುಪಿ ಹದಿನೆಂಟು ದಿನವಾಯಿತು. ಸಮಾಧಾನದ ಮಾತು ಎರಡೇ ಸಾಲು. ಅದರ ಕೆಳಗೆ ಆ ಪ್ರಶ್ನೆ. 'ಆ ಭಾನುವಾರ ನಿಮ್ಮ ಬಾಯಿ ಕಟ್ಟಿದ್ದು ನಿಮ್ಮ ತಂದೆಯವರೇ ಅಲ್ಲವೇ? ನಮ್ಮಪ್ಪ ಕೊನೆಯವರೆಗೂ ಹಾಗೆಂದೇ ನಂಬಿ ಅವರನ್ನು ಶಪಿಸಿದರು. ನಾನೂ ಶಪಿಸಿದ್ದೇನೆ. ಅದು ಹೌದಾದರೆ ನಿಮ್ಮ ಮೇಲೆ ನನಗೇನೂ ಇಲ್ಲ, ಒಂದು ಭಾನುವಾರ ಮನೆಗೆ ಊಟಕ್ಕೆ ಬನ್ನಿ. ಅಲ್ಲವಾದರೆ ಬರಬೇಡಿ.' ಎಷ್ಟು ನೇರ! ನೀವು ಮೊದಲಿನಿಂದಲೂ ಹಾಗೆಯೇ. ನನಗೆ ಮಾತ್ರ ಊರೆಲ್ಲ ಸುತ್ತದೆ ಬಾಗಿಲು ಸಿಗುವುದಿಲ್ಲ.

ಕೆಳಗಿನ ಗಡಿಯಾರದವರು ದಿನಾ ಕೇಳುತ್ತಾರೆ, 'ಏನ್ ಸ್ವಾಮಿ, ಕಾಗದ ಮುಗೀತಾ? ನನ್ನ ಕೆಟ್ಟ ಗಡಿಯಾರಗಳೇ ನಿಮಗಿಂತ ಬೇಗ ಓಡ್ತಾವೆ' ಎಂದು. ಅವರಿಗೇನು ಗೊತ್ತು! ನೀವೀಗ ಬೇಕರಿ ಬೀದಿಯಲ್ಲಿರುವುದು, ನಿಮ್ಮ ಯಜಮಾನರು ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದವರು, ಅವರು ತೀರಿಹೋಗಿ ಆರು ವರ್ಷವಾಯಿತು, ಇದೆಲ್ಲ ನನಗೆ ಯಾರು ಯಾರಿಂದಲೋ ತಿಳಿದಿತ್ತು. ಒಂದೆರಡು ಸಲ ಆ ಬೀದಿಯಲ್ಲಿ ಬ್ರೆಡ್ಡು ಕೊಳ್ಳುವ ನೆಪದಲ್ಲಿ ನಡೆದಿದ್ದೇನೆ. ಬ್ರೆಡ್ಡು ಕೊಂಡು ಬಂದೆ, ಅಷ್ಟೇ.

ಆ ಮನೆಯ ರಿವಾಜು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಮುದುಕನ ಬಾಯಿಗೆ ಬೀಗವಿಲ್ಲ. ಮೇಲಿನವರು ಅಡುಗೆಮನೆಗೆ ಇಳಿಯುವಂತಿಲ್ಲ, ಕೆಳಗಿನವರು ಕರೆಯದೆ ಮೇಲೆ ಹತ್ತುವಂತಿಲ್ಲ. ನಡುವೆ ಹದಿನಾಲ್ಕು ಮೆಟ್ಟಿಲು. ಪ್ರತಿ ಕೋಣೆಯ ಗೋಡೆಗೂ ಒಂದು ರೇಷ್ಮೆ ಹಗ್ಗ, ಎಳೆದರೆ ಅಡುಗೆಮನೆಯ ಗೋಡೆಯಲ್ಲಿ ಆ ಕೋಣೆಯ ಗಂಟೆ ಅಲ್ಲಾಡುವುದು. ನಿಮ್ಮಪ್ಪ ಒಲೆ ಕಡೆ ಮುಖ ಮಾಡಿಕೊಂಡೇ ದನಿಯಿಂದ ಗುರುತು ಹಿಡಿಯುತ್ತಿದ್ದರಂತೆ. 'ಅಮ್ಮಾವ್ರ ಗಂಟೆ ಗೊಣಗುತ್ತೆ, ದೊಡ್ಡ ಯಜಮಾನ್ರದ್ದು ಗದರುತ್ತೆ, ಸಣ್ಣ ಯಜಮಾನ್ರದ್ದು ಆಕಳಿಸುತ್ತೆ' ಎಂದು ಅವರು ಹೇಳಿದ್ದನ್ನು ನೀವೇ ನನಗೆ ಹೇಳಿ ನಕ್ಕಿದ್ದಿರಿ.

ಏಳನೆಯ ಮೆಟ್ಟಿಲಿನ ಪಕ್ಕಕ್ಕೆ ದೀಪದ ಕೋಣೆ. ಮೇಲೂ ಅಲ್ಲ, ಕೆಳಗೂ ಅಲ್ಲ. ನಲವತ್ತೊಂದು ದೀಪಗಳ ಮಸಿ ಹಿಡಿದ ಗಾಜುಗಳನ್ನು ಸುತ್ತ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಅಲ್ಲಿ ಕೂರುತ್ತಿದ್ದಿರಿ. ನಿಮ್ಮ ಸಣ್ಣ ಕೈ ಗಾಜಿನೊಳಗೆ ಮಣಿಕಟ್ಟಿನವರೆಗೂ ಹೋಗುತ್ತಿತ್ತು. ಅದಕ್ಕೇ ಆ ಕೆಲಸ, ಅದಕ್ಕೇ ಬುಡ್ಡಿ ಎಂಬ ಆ ಹೆಸರು. ಒರೆಸುವುದಕ್ಕೆ ನಮ್ಮಪ್ಪ ಓದಿ ಬಿಸಾಡಿದ ಇಂಗ್ಲಿಷ್ ಪೇಪರು. 'ಮೊದ್ಲು ಇದ್ರಲ್ಲೇನಿದೆ ಹೇಳಿ. ಓದ್ದೆ ಮಸಿ ಮಾಡಿದ್ರೆ ಬರೆದೋರ ಹೊಟ್ಟೆ ಉರಿಯುತ್ತೆ' ಎಂದು ನೀವು. ನಾನು ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಡುಮುಕಿ ಹೊಡೆದು ಬಂದವನು. ಅರ್ಥವಾಗದ ಕಡೆಯಲ್ಲೆಲ್ಲ ಒಂದು ಹಡಗು ಮುಳುಗಿಸುತ್ತಿದ್ದೆ. 'ನಿನ್ನೆ ಮುಳುಗಿದ ಹಡಗೇ ಇವತ್ತೂ ಮುಳುಗ್ತಲ್ಲ, ಅರ್ಧ ಬಿ.ಎ. ಸಾಹೇಬ್ರೇ? ಮಧ್ಯೆ ಎತ್ತಿದ್ಯಾರು?' ಎಂದು ನೀವು ತಲೆಯೆತ್ತದೆ ಕೇಳಿದ ದಿನ ನಾನು ಪೂರ್ತಿ ಮುಳುಗಿದೆ. ಎರಡು ವರ್ಷ ಹಾಗೆ ಕಳೆಯಿತು. ಆ ಎರಡು ವರ್ಷದಲ್ಲಿ ಆ ಮನೆಯ ದೀಪಗಳು ಉರಿದಷ್ಟು ಚೊಕ್ಕಟವಾಗಿ ಮತ್ತೆಂದೂ ಉರಿಯಲಿಲ್ಲ.

ಮದುವೆಯ ಮಾತು ನಾನೇ ಎತ್ತಿದೆ. ನೀವು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟು ಒಂದೇ ಒಂದು ಷರತ್ತು ಹಾಕಿದಿರಿ. 'ನೀವೇ ಇಳಿದು ಬಂದು ನಮ್ಮಪ್ಪನ್ನ ಕೇಳ್ಬೇಕು. ಗಂಟೆ ಎಳೆದು ಕರೆಸ್ಕೊಂಡು ಕೇಳೋದಾದ್ರೆ ಬೇಡ. ಗಂಟೆಗೆ ನಾವು ಬರೋದು ಕೆಲಸಕ್ಕೆ.' ಅದೇನು ಮಹಾ, ಹದಿನಾಲ್ಕು ಮೆಟ್ಟಿಲು ತಾನೇ ಎಂದೆ. ಭಾನುವಾರ ಮಧ್ಯಾಹ್ನ, ಮೇಲಿನ ಊಟ ಮುಗಿದ ಕೂಡಲೇ ಎಂದು ಗೊತ್ತುಮಾಡಿಕೊಂಡೆವು.

ಆ ಭಾನುವಾರ ಊಟಕ್ಕೆ ಅತಿಥಿಗಳಿದ್ದರು. ನದಿಯಾಚೆಯ ಬಂಗಲೆಯವರು, ಅವರ ಮಗಳು. ಆ ಮಗಳೇ ಆಮೇಲೆ ನನ್ನ ಹೆಂಡತಿಯಾದದ್ದು. ನಿಮ್ಮಪ್ಪ ಒಗೆದ ಕೋಟು ಹಾಕಿಕೊಂಡು, ಉಳಿದವರನ್ನೆಲ್ಲ ಹಿತ್ತಿಲಿಗೆ ಕಳಿಸಿ, ಸ್ಟೂಲಿನ ಮೇಲೆ ಕಾಯುತ್ತಾ ಕೂತಿದ್ದರೆಂದು ನನಗೆ ಆಮೇಲೆ ತೋಟದವನು ಹೇಳಿದ. ಮೇಲೆ ಊಟ ಮುಗಿಯಿತು. ಎಲ್ಲರೂ ಕುರ್ಚಿ ಹಿಂದಕ್ಕೆ ಸರಿಸಿ ಮಾತಾಡುತ್ತಿದ್ದರು. ನಾನು ಎದ್ದೆ. ಎದ್ದು ಬಾಗಿಲವರೆಗೂ ಹೋದೆ. ಅಲ್ಲಿ ಕಾಲು ಮುಂದೆ ಹೋಗಲಿಲ್ಲ, ಕೈ ಮೇಲೆ ಹೋಯಿತು, ಹಗ್ಗಕ್ಕೆ. ಹುಟ್ಟಿದಾಗಿನಿಂದ, ಏನು ಬೇಕಾದರೂ ಕೈಯೇ ಮೇಲೆ ಹೋಗಿ ಅಭ್ಯಾಸ. ನಮ್ಮ ಇಂಗ್ಲಿಷ್ ಮೇಷ್ಟರು ಪ್ಯಾಸಿವ್ ವಾಯ್ಸ್ ಅಂತ ಒಂದು ಹೇಳಿಕೊಡುತ್ತಿದ್ದರು. ದ ಬೆಲ್ ವಾಸ್ ರಂಗ್, ಗಂಟೆ ಬಾರಿಸಲ್ಪಟ್ಟಿತು. ಯಾರು ಎಳೆದರು ಎಂದು ಹೇಳದೆ ತಪ್ಪಿಸಿಕೊಳ್ಳಲು ಬಲು ಅನುಕೂಲ.

ನೀವು ಬಂದಿರಿ. ಏಪ್ರನ್ ಬಿಚ್ಚಿಟ್ಟು, ತಲೆ ಬಾಚಿಕೊಂಡು, ಬರಿಗೈಯಲ್ಲಿ. ಷರತ್ತು ಮುರಿದರೂ ಪರವಾಗಿಲ್ಲ, ಎಲ್ಲರೆದುರೇ ಹೇಳಿಬಿಡಲು ಕರೆದಿದ್ದಾನೆ ಎಂದುಕೊಂಡಿರಬೇಕು. ಅಪ್ಪ ನನ್ನ ಕಡೆ ತಿರುಗಿ, 'ಏನಾಗ್ಬೇಕಿತ್ತು?' ಎಂದರು. 'ನಿನ್ನನ್ನೇ ಕೇಳಿದ್ದು, ಏನಾಗ್ಬೇಕಿತ್ತು?' ಎಂದು ಮತ್ತೆ ಕೇಳಿದರು.

ನೀರು ಎಂದೆ.

ನೀವು ಇಳಿದು ಹೋದಿರಿ. ಏಪ್ರನ್ ಕಟ್ಟಿಕೊಂಡು, ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಬಂದಿರಿ. ನಾನು ಅದನ್ನು ಕುಡಿದೆ, ಪೂರ್ತಿ. ಮರುದಿನ ಬೆಳಿಗ್ಗೆ, ಇಪ್ಪತ್ತಾರು ವರ್ಷ ಆ ಒಲೆಯ ಮುಂದೆ ನಿಂತಿದ್ದ ನಿಮ್ಮಪ್ಪ ನಿಮ್ಮನ್ನು ಕರೆದುಕೊಂಡು ಹಿಂದಿನ ಗೇಟಿನಿಂದ ಹೋದರು. ನಾನು ಮಹಡಿಯ ಕಿಟಕಿಯಲ್ಲಿದ್ದೆ. ನೀವು ತಿರುಗಿ ನೋಡಲಿಲ್ಲ. ನೋಡಿದ್ದರೆ ಪರದೆಯ ಹಿಂದೆ ಸರಿಯುತ್ತಿದ್ದೆನೋ ಏನೋ.

ನನ್ನ ಹೆಂಡತಿಯ ಮೇಲೆ ಒಂದು ದೂರೂ ಇಲ್ಲ. ನಲವತ್ತೇಳು ವರ್ಷ ಸಂಸಾರ ಮಾಡಿದಳು, ನಕ್ಕಳು, ನಗಿಸಿದಳು. ಮದುವೆಯಾದ ಮೇಲೆ ನಾನು ಆ ಹಗ್ಗ ಮುಟ್ಟಲಿಲ್ಲ, ಬೇಕಾದ್ದನ್ನು ನಾನೇ ಹೋಗಿ ತಂದುಕೊಳ್ಳುತ್ತಿದ್ದೆ. 'ಜನ ಕುದುರೆ ಸಾಕಿ ಸವಾರಿ ಮಾಡ್ತಾರೆ. ನೀವು ಕುದುರೆ ಸಾಕಿ ಅದರ ಪಕ್ಕ ನಡೀತೀರಿ' ಎಂದು ತಮಾಷೆ ಮಾಡುತ್ತಿದ್ದಳು. ನೆಂಟರೆದುರು ಮಾತ್ರ 'ನಮ್ಮವರಿಗೆ ಜಂಬ ಅನ್ನೋದೇ ಇಲ್ಲ' ಎನ್ನುವಳು. ನಾನು ಆ ಹೊಗಳಿಕೆಯನ್ನೂ ಜೇಬಿಗೆ ಹಾಕಿಕೊಂಡೆ. ಕೊನೆಯ ಕಾಯಿಲೆಯಲ್ಲಿ ಒಮ್ಮೆ ನನ್ನ ಕೈ ಹಿಡಿದು, 'ಅವತ್ತು ಮೇಲೆ ಬಂದ ಹುಡುಗಿ ಎಲ್ಲಿದಾಳೆ?' ಎಂದಳು. ಯಾವ ಹುಡುಗಿ ಎಂದೆ. 'ಆಯ್ತು ಬಿಡಿ' ಎಂದು ಗೋಡೆ ಕಡೆ ತಿರುಗಿದಳು. ಅವಳಿಗೂ ಒಂದು ಉತ್ತರ ಬಾಕಿ ಉಳಿಯಿತು.

ಫೇಂಟ್ ಹಾರ್ಟ್ ನೆವರ್ ಅಂತ ಇಂಗ್ಲಿಷಿನಲ್ಲಿ ಅಂಜುಬುರುಕರ ಮೇಲೆ ಒಂದು ಗಾದೆಯಿದೆ. ಮುಂದಿನದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಇರಲಿ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೌದು. ನಮ್ಮಪ್ಪ ಎಂಥವರೆಂದು ನಿಮಗೇ ಗೊತ್ತು. ಅವರು ಹಾಗೆ ನೋಡುತ್ತಾ ಕೂತಿರುವಾಗ ಯಾವ ಮಗನ ನಾಲಿಗೆ ಹೊರಳೀತು? ಇನ್ ದ ಸರ್ಕಮ್‌ಸ್ಟಾನ್ಸಸ್, ಇಪ್ಪತ್ಮೂರು ವರ್ಷದ ಹುಡುಗ ಬೇರೇನು ಮಾಡಬಹುದಿತ್ತು? ನೀವು ದೊಡ್ಡ ಮನಸ್ಸು ಮಾಡಿ ಊಟಕ್ಕೆ ಕರೆದಿದ್ದೀರಿ. ಬರುವ ಭಾನುವಾರ ಹನ್ನೆರಡು ಗಂಟೆಗೆ ಬರುತ್ತೇನೆ. ಹಲ್ಲಿಲ್ಲ, ಮೆತ್ತಗಿದ್ದದ್ದು ಏನಾದರೂ ಸಾಕು.

ಇಂತಿ, ಈಗಲೂ ಪಾಸಾಗದ
ಅರ್ಧ ಬಿ.ಎ.

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯವರೆಗೂ ಹೋಗಿ, ವಾಪಸು ಬಂದು, ಹರಿದು ತೆಗೆದು ಇದನ್ನು ಬರೆಯುತ್ತಿದ್ದೇನೆ. ಮೇಲೆ 'ಹೌದು' ಎಂದು ಬರೆದದ್ದು ಸುಳ್ಳು. ಹಿಂದಿನ ದಿನ, ಶನಿವಾರ ಸಂಜೆ, ಅಪ್ಪ ನನ್ನನ್ನು ತಮ್ಮ ಓದುವ ಕೋಣೆಗೆ ಕರೆದಿದ್ದರು. 'ನಾನೇನು ಕುರುಡನಲ್ಲ ಕಣೋ. ಅಡುಗೆಯವರ ಮಗಳ ಮೇಲೆ ನಿಜವಾಗ್ಲೂ ಮನಸ್ಸಿದ್ರೆ ನಾಳೆ ಎಲ್ಲರೆದುರು ಬಾಯಿಬಿಟ್ಟು ಹೇಳು. ಎರಡು ದಿನ ನಾನು ಕೂಗಾಡ್ತೀನಿ, ನನಗೂ ಮರ್ಯಾದೆ ಅಂತ ಒಂದಿದೆಯಲ್ಲ. ಮೂರನೇ ದಿನ ಅಡುಗೆಯವರನ್ನ ಈ ಕುರ್ಚಿ ಮೇಲೆ ಕೂರಿಸಿ ಬೀಗರೇ ಅಂತೀನಿ. ಹೇಳೋಕೆ ಧೈರ್ಯ ಇಲ್ದಿದ್ರೆ ಆ ಮಗೂನ ಇನ್ನು ಮಾತಾಡಿಸ್ಬೇಡ' ಎಂದರು. ಮೇಜಿನ ಮುಂದೆ ಎರಡೆರಡು ಸಲ ಕೇಳಿದ್ದು ಗದರಿಸಲು ಅಲ್ಲ, ದಾರಿ ಬಿಡಲು. ಆದರೆ ಏಪ್ರನ್ ಇಲ್ಲದೆ ನೀವು ಆ ಬಾಗಿಲಲ್ಲಿ ನಿಂತದ್ದನ್ನು ಕಂಡಾಗ ನನಗೆ ಭಯವಾಗಲಿಲ್ಲ, ನಾಚಿಕೆಯಾಯಿತು. ನಿಮ್ಮ ಬಗ್ಗೆ. ಅಪ್ಪ ಆಮೇಲೆ ಬದುಕಿದ್ದಷ್ಟು ದಿನವೂ ನನ್ನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ನೀವಿಬ್ಬರೂ ಶಪಿಸಿದ್ದು ತಪ್ಪು ಮನುಷ್ಯನನ್ನು. ಭಾನುವಾರ ನಾನು ಬರುವುದಿಲ್ಲ, ತಟ್ಟೆ ಹಾಕಬೇಡಿ.