ಬಸುರಿಯರ ತರಗತಿ

ಅನು,

ಇವತ್ತು ನಿನ್ನ ಗಂಡ ಗುರುಶಾಂತ ಬಸವಕಲ್ಯಾಣದಿಂದ ಹುಮನಾಬಾದಿಗೆ, ನಮ್ಮ ಮನೆಗೆ ಬಂದಿದ್ದರು. ಜೊತೆಗೆ ಸ್ನೇಹಲ್ ಇದ್ದಳು. ನೀನು ಹೋದ ಮೂರು ವರ್ಷಕ್ಕೆ ಅವರು ಮದುವೆಯಾದ ಹುಡುಗಿ. ಈಗ ಅವಳಿಗೆ ಐದು ತಿಂಗಳು.

ಇಲ್ಲಿ ಒಬ್ಬ ನರ್ಸ್ ಚೊಚ್ಚಲ ಬಸುರಿಯರಿಗೆ ಫೀ ತೆಗೆದುಕೊಂಡು ತರಗತಿ ನಡೆಸುತ್ತಾರೆ. "ಅಕ್ಕಾರ, ನೀವು ಓದಿದವರು. ಸೇರಸೂದು ಚಲೋನೋ, ಸುಮ್ಮ ರೊಕ್ಕ ದಂಡೋ? ಹಡಿಯೂದಕ್ಕೂ ಟ್ಯೂಷನ್ ಏನೋ ಅಂತ ನಮ್ಮವ್ವ ನಗಾಕತ್ತಾಳ" ಎಂದರು ಗುರುಶಾಂತ.

ನೀನು ಬಸುರಿಯಾಗಿದ್ದಾಗ, ಅವರಿಗೆ ಹೇಳುವ ಮೊದಲು, ಇಂಥ ತರಗತಿಗೆ ಸೇರಲೇ ಎಂದು ನನ್ನನ್ನು ಕೇಳಿದ್ದೆ. ತರಗತಿ ಯಾಕೆ, ಇಂಗ್ಲಿಷ್ ಪುಸ್ತಕ ಓದಿ ನಾನೇ ಹೇಳುತ್ತೇನೆ ಎಂದು ನಾನು ನಿನ್ನನ್ನು ತಡೆದಿದ್ದೆ. ಸೀಮಂತದ ಕುಬಸದ ದಿನ ಹಸಿರು ಬಳೆ ನಿನ್ನ ಊದಿದ ಕೈಗೆ ಏರಲಿಲ್ಲ. ತಲೆ ಸಿಡಿಯುತ್ತಿದೆ ಎಂದು ನೀನು ಹೇಳಿದೆ. ಬಸುರಿ ಮೈದುಂಬಿದ್ದಾಳೆ ಎಂದು ಎಲ್ಲರೂ ನಕ್ಕರು. ನಿನ್ನ ಅಕ್ಕ, ನಾನೇ ಸಾಬೂನು ಹಚ್ಚಿ ಬಳೆ ಏರಿಸಿದೆ. ಮೂರನೆಯ ದಿನ ನಿನಗೆ ಫಿಟ್ಸ್ ಬಂತು. ಕೂಸೂ ಉಳಿಯಲಿಲ್ಲ, ನೀನೂ ಉಳಿಯಲಿಲ್ಲ.

ಮಧ್ಯಾಹ್ನ ಮೂವರೂ ಆ ತರಗತಿಗೆ ಹೋಗಿ ಕುಳಿತೆವು. ನರ್ಸ್ ಮೊದಲು ಹೇಳಿದ್ದೇ ಕೈ, ಮುಖ ಊದಿ ತಲೆನೋವು ಬರುವ ವಿಷಯ. "ಬಳಿ ಬಿಗಿ ಆದ್ರ ಸಾಬೂನ ಹುಡಕಬ್ಯಾಡ್ರಿ, ಅವತ್ತೇ ದವಾಖಾನಿಗೆ ಬರ್ರಿ" ಎಂದರು. ಹೆಂಗಸರೆಲ್ಲ ನಕ್ಕರು. ಸ್ನೇಹಲ್ ಬರೆದುಕೊಂಡಳು.

ತರಗತಿಗೆ ಅವಳ ಹೆಸರು ಬರೆಸಿ ಹೊರಗೆ ಬಂದಾಗ ಗುರುಶಾಂತ ಮೆಲ್ಲಗೆ, "ಅನೂಗ ಇಂಥಾ ಕ್ಲಾಸ್ ಇರ್ತಾವಂತ ಗೊತ್ತೇ ಇರಲಿಲ್ಲ, ಅಲ್ರಿ ಅಕ್ಕಾರ?" ಎಂದರು.

"ಗೊತ್ತಿರಲಿಲ್ರಿ" ಎಂದೆ.